ಮನೆಗಣಕದ ಹೊಸ ಆವೃತ್ತಿ

ಮನೆಯ ಜಮಾಖರ್ಚು ಬರೆದಿಡುವ 'ಮನೆಗಣಕ' ತಂತ್ರಾಂಶವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಿತ್ತು, ತಿದ್ದಬಹುದಿತ್ತು. ಅದನ್ನು ಕಟ್ಟಿದವರು ಕೈಬಿಟ್ಟ ಮೇಲೆ ಬಸವೇಶ್ವರನಗರದ ಮಾಲವಿಕಾ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ವಾರವಿಡೀ ಕಚೇರಿ, ಭಾನುವಾರ ಇದು.

ಅದಕ್ಕೆ ಆಧಾರವಾಗಿದ್ದ ಡೆಸ್ಕ್‌ಟಾಪ್ ವ್ಯವಸ್ಥೆ ಹಳತಾಗಿತ್ತು. ಹೊಸ ಕಂಪ್ಯೂಟರುಗಳಲ್ಲಿ ಮನೆಗಣಕ ತೆರೆಯುವುದೇ ಇಲ್ಲವೆಂದು ದೂರುಗಳು ಬರುತ್ತಿದ್ದವು. ಬೇಸಿಗೆಯಿಡೀ ಕುಳಿತು ಎಲ್ಲವನ್ನೂ ಹೊಸ ವ್ಯವಸ್ಥೆಗೆ ತಕ್ಕಂತೆ ಮತ್ತೆ ಬರೆದಳು. ಪರೀಕ್ಷಿಸಲು, ಬಹುಕಾಲದಿಂದ ಅದನ್ನು ಬಳಸುತ್ತಿದ್ದ ಹೊಸಹಳ್ಳಿಯ ಮಧುಕುಮಾರ್‌ಗೂ ಕಳಿಸಿದಳು.

ಮಧುಕುಮಾರ್‌ಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸಿ, ತಮ್ಮ ಪಾಲಿಗೆ ಬಂದ ಬಾಡಿಗೆ ಮನೆಗಳ ಲೆಕ್ಕವನ್ನು ಮನೆಗಣಕದಲ್ಲಿಟ್ಟು, ವ್ಯವಹಾರವನ್ನು ತಾವೇ ನಡೆಸುತ್ತಿದ್ದರು. ಮಾರನೆಯ ದಿನವೇ ಫೋನ್ ಮಾಡಿದರು.

"ಮೇಡಂ, ಪಟ್ಟಿ ಒಳಗೆ ಹೋದ್ರೆ ಬರೀ 'ಸಾಲು, ಸಾಲು' ಅಂತಿದೆ. ಸಾಲಲ್ಲಿ ಏನಿದೆ ಅಂತ ಹೇಳ್ತಾನೇ ಇಲ್ಲ."

ದೋಷ ಹೊಸ ವ್ಯವಸ್ಥೆಯಲ್ಲೇ ಇತ್ತು. ಸರಿಪಡಿಸಲು ಪಟ್ಟಿಯನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕು; ತಿಂಗಳುಗಟ್ಟಲೆ ಕೆಲಸ. ಉಳಿದವರೆಲ್ಲ ಯಾವಾಗ, ಯಾವಾಗ ಎಂದು ಕೇಳುತ್ತಿದ್ದರು. ಮಾಲವಿಕಾ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿಬಿಟ್ಟಳು.

"ನೀವು ಹಳೇದನ್ನೇ ಇಟ್ಕೊಂಡಿರಿ ಸಾರ್, ಅಪ್‌ಡೇಟ್ ಮಾಡ್ಬೇಡಿ. ನಿಮ್ದು ಸರಿ ಮಾಡೇ ಮಾಡ್ತೀನಿ."

"ಆಯ್ತು ಮೇಡಂ, ಕಾಯ್ತೀನಿ."

ಮಳೆಗಾಲದಲ್ಲಿ ಸಿಡಿಲು ಬಡಿದು ಅವರ ಕಂಪ್ಯೂಟರ್ ಸುಟ್ಟುಹೋಯಿತು. ಹೊಸ ಕಂಪ್ಯೂಟರಿನಲ್ಲಿ ಹಳೆಯ ಮನೆಗಣಕ ನಡೆಯಲಿಲ್ಲ; ಹೊಸ ಆವೃತ್ತಿ ಅವರಿಗೆ ಲೆಕ್ಕ ಓದಿ ಹೇಳುತ್ತಿರಲಿಲ್ಲ. ಅವರು ಫೋನ್ ಮಾಡಿದಾಗಲೆಲ್ಲ ಮಾಲವಿಕಾ ಇನ್ನೂ ಸ್ವಲ್ಪ ಟೈಮ್ ಕೊಡಿ ಅನ್ನುತ್ತಿದ್ದಳು. ಆಮೇಲೆ ಅವರು ಫೋನ್ ಮಾಡುವುದನ್ನೇ ನಿಲ್ಲಿಸಿದರು.

ದೀಪಾವಳಿ ಹೊತ್ತಿಗೆ ಸ್ಕ್ರೀನ್ ರೀಡರ್ ಪಟ್ಟಿಯ ಸಾಲುಗಳನ್ನು ಓದತೊಡಗಿತು. ಮಧುಕುಮಾರ್ ಕರೆ ಎತ್ತದಿದ್ದರಿಂದ ಅವಳೇ ಹೊಸಹಳ್ಳಿಗೆ ಹೋದಳು. ಬಾಗಿಲು ತೆರೆದವರು ಅವರ ಅಣ್ಣ ಭೈರೇಶ್.

"ಕಂಪ್ಯೂಟರ್ ವಿಷಯನಾ? ಈಗ ಎಲ್ಲಾ ನಾನೇ ನೋಡ್ಕೋತಾ ಇದೀನಮ್ಮ. ಪಾಪ, ಅವನಿಗ್ಯಾಕೆ ಆ ತಲೆನೋವು."

ಮಧುಕುಮಾರ್ ಒಳಕೋಣೆಯಲ್ಲಿದ್ದರು. ಅವಳು ಹೊಸ ಆವೃತ್ತಿ ಹಾಕಿ, ಅವರು ಪೆನ್‌ಡ್ರೈವ್‌ನಲ್ಲಿ ಉಳಿಸಿಟ್ಟಿದ್ದ ಹಳೆಯ ಲೆಕ್ಕ ತೆರೆದಳು. ಯಂತ್ರದ ದನಿ ಬಾಡಿಗೆದಾರರ ಹೆಸರುಗಳನ್ನು ಒಂದೊಂದಾಗಿ ಓದಿತು. ಅವರು ತಲೆ ವಾಲಿಸಿ ಕೇಳಿದರು.

"ಚೆನ್ನಾಗಿ ಓದ್ತಿದೆ ಮೇಡಂ."

"ಇನ್ಮೇಲೆ ನೀವೇ ನೋಡ್ಕೋಬಹುದು ಸಾರ್."

"ಮನೆಗಳನ್ನ ನೋಡ್ಕೊಳ್ಳೋ ಅಧಿಕಾರ ಅಣ್ಣನಿಗೆ ಬರ್ಕೊಟ್ಬಿಟ್ಟೆ. ಲೆಕ್ಕ ಓದೋಕಾಗ್ದೆ ಇದ್ದಾಗ ಒಬ್ಬ ಬಾಡಿಗೆಯವನು, ಬಾಡಿಗೆ ಕೊಟ್ಟಿದೀನಿ ಅಂತ ವಾದಕ್ಕೆ ನಿಂತ. ಕೊಟ್ಟಿದಾನೋ ಇಲ್ವೋ, ನನಗೆ ಹೇಳೋಕಾಗ್ಲಿಲ್ಲ. ನಿಂತಲ್ಲೇ ನಕ್ಕ. ಅವತ್ತೇ ಅಣ್ಣನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದೆ."

"ವಾಪಸ್ ತಗೋಬಹುದಲ್ವಾ?"

"ತಗೋಬಹುದು. ಆದ್ರೆ ನಾನಿರೋದು ಅವ್ನ ಮನೇಲಿ, ತಿನ್ನೋದು ಅವ್ನ ಮನೇಲಿ. ಮೊದ್ಲು ಬಾಡಿಗೆಯವರು ಬಂದು ಇಲ್ಲಿ ಕೂತು ಮಾತಾಡೋರು. ಮಕ್ಕಳ ಸ್ಕೂಲು, ಊರಿನ ಸುದ್ದಿ. ಈಗ ಹೆಜ್ಜೆ ಸದ್ದು ನೇರ ಅಣ್ಣನ ರೂಮಿಗೆ ಹೋಗುತ್ತೆ."

"ನಿಮ್ದು ಸರಿ ಮಾಡದೆ ನಾನು ಬಿಡುಗಡೆ ಮಾಡ್ಬಾರದಿತ್ತು ಸಾರ್."

ಅವರು ಇಲ್ಲ ಅನ್ನಲಿಲ್ಲ.

"ಊಟಕ್ಕೆ ಬಾರೋ," ಭೈರೇಶ್ ಹೊರಗಿನಿಂದ ಕೂಗಿದರು.

ಮಧುಕುಮಾರ್ ಕೈ ಚಾಚಿ, ತಡವರಿಸದೆ, ಓದುತ್ತಲೇ ಇದ್ದ ಯಂತ್ರವನ್ನು ಆರಿಸಿ ಎದ್ದರು.