ಅಕ್ಕ ಓದಿದ ಪಾಠ

ಹೆಡ್‌ಫೋನಿನ ಬಲಗಡೆಯ ಸ್ಪಂಜನ್ನು ಯಾರೋ ಕಿತ್ತಿದ್ದಾರೆ, ಅಲ್ಲಿಂದ ಫ್ಯಾನಿನ ಗರಗರ ನುಗ್ಗುತ್ತದೆ, ಈ ಸಣ್ಣ ಕೋಣೆಯಲ್ಲಿ ನಾನು, ಕಂಪ್ಯೂಟರು, ಕಾವಲಿಗೊಬ್ಬರು ಮೇಡಂ — ಉಳಿದವರೆಲ್ಲ ಕೆಳಗೆ ಹಾಲ್‌ನಲ್ಲಿ ಕಣ್ಣಿನಿಂದ ಪರೀಕ್ಷೆ ಬರೆದು ಹೋಗಿಯಾಯಿತು, ನನ್ನದು ಕಿವಿಯಿಂದ, ಒಂದು ಗಂಟೆ ಹೆಚ್ಚು, ಅಕ್ಷರಗಳು ಇವಳ ಮುಂದೆ ಸಾಲಾಗಿ ನಿಲ್ಲುವುದಿಲ್ಲ ಎಂದು ಡಾಕ್ಟರು ಸಹಿ ಹಾಕಿ ಕೊಟ್ಟಿದ್ದಾರೆ. ಏಳನೆಯ ಪ್ರಶ್ನೆ, ಕಂಪ್ಯೂಟರು ಓದುತ್ತದೆ, ಮೂತ್ರಪಿಂಡವು ರಕ್ತವನ್ನು ಸೋಸುವ ಹಂತಗಳನ್ನು ವಿವರಿಸಿ, ಇಪ್ಪತ್ತು ಅಂಕ — ದನಿಯಲ್ಲಿ ಏರಿಳಿತವಿಲ್ಲ, ಸಾವಿನ ಸುದ್ದಿಯನ್ನೂ ಹೀಗೇ ಓದೀತು — ಇದನ್ನು ಬರೆಯದಿದ್ದರೆ ಪಾಸಿಲ್ಲ, ಮೂರನೆಯ ಸಲವೂ ಹೋದರೆ ಕಾಲೇಜಿನಿಂದ ಹೆಸರು ತೆಗೆಯುತ್ತಾರೆ. ನನ್ನ ಪಾಠವೆಲ್ಲ ಅಕ್ಕನ ದನಿಯಲ್ಲಿದೆ, ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಕೂಗಿ ಒಡೆದ ದನಿ, ದಿನಾ ಸಂಜೆ ಮಂಚದ ಮೇಲೆ ಕಾಲು ಚಾಚಿ ಇಡೀ ಪುಸ್ತಕವನ್ನು ಫೋನಿಗೆ ಓದಿ ರೆಕಾರ್ಡ್ ಮಾಡಿಕೊಟ್ಟಳು, ಯಂತ್ರ ಓದೋ ಪುಸ್ತಕ ಇದೆ ತಗೊಳಮ್ಮ ಎಂದರು ಲೈಬ್ರರಿಯವರು, ಬೇಡ ಸರ್ ನಮ್ಮಕ್ಕ ಇದ್ದಾಳೆ ಎಂದೆ, ಜಂಬ. ಹೃದಯದ ಪಾಠ ಶುರುವಾಗುವುದು ಅವಳು ಸೀನಿದಲ್ಲಿ, ಶ್ವಾಸಕೋಶ ಅಮ್ಮ ಬಾಗಿಲು ಹಾಕ್ಕೊಳ್ರೇ ಎಂದು ಕೂಗಿದ ಮೇಲೆ, ಹೀಗೆ ಗುರುತು ಹಿಡಿದೇ ಆರು ಪ್ರಶ್ನೆ ಮುಗಿಸಿದ್ದೇನೆ.

ಮೂತ್ರಪಿಂಡ — ನೆನಪಿನಲ್ಲಿ ಅಕ್ಕ ಆಕಳಿಸುತ್ತಾಳೆ, ರಕ್ತವು ಮೂತ್ರಪಿಂಡವನ್ನು ಸೇರಿದ ನಂತರ, ಹಾಳೆ ಮಗುಚುವ ಸದ್ದು, ಕೊಂಚ ದಪ್ಪ, ಉಳಿದ ನೀರು ಮೂತ್ರಕೋಶಕ್ಕೆ ಹೋಗುತ್ತದೆ. ಸೇರಿದ ನಂತರ, ಸದ್ದು, ಉಳಿದ ನೀರು — ನಡುವೆ ಏನು? ನಲವತ್ತು ಸಲ ಕೇಳಿದೆ, ಅರ್ಥವಾಗಲಿಲ್ಲ, ಅಕ್ಷರವೇ ಹತ್ತದ ತಲೆಗೆ ಇದು ಹತ್ತೀತೇ ಎಂದು ಬಿಟ್ಟೆ, ಅರ್ಥ ಆಗ್ತಿದೆಯೇನೇ ಎಂದು ಅವಳು ಕೇಳಿದಾಗ ಹೂಂ ಕಣಕ್ಕ ಎಂದೆ, ಓದಿಕೊಡುವವಳಿಗೆ ಇನ್ನೇನು ಹೇಳುವುದು. ಮೇಡಂ ಕೆಳಗಿನಿಂದ ಬಂದ ಉತ್ತರಪತ್ರಿಕೆ ಎಣಿಸುತ್ತಿದ್ದಾರೆ, ಬೆರಳಿಗೆ ಎಂಜಲು ಹಚ್ಚಿ, ಸರಕ್, ಸರಕ್, ಆಮೇಲೊಂದು ದಪ್ಪ ಸದ್ದು, ಅಯ್ಯೋ ಎರಡು ಒಟ್ಟಿಗೆ ಬಂತು ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಬಿಡಿಸುತ್ತಾರೆ. ಆ ಸದ್ದು ನನಗೆ ಗೊತ್ತು. ಅಕ್ಕ ಎರಡು ಹಾಳೆ ಒಟ್ಟಿಗೆ ಮಗುಚಿದ್ದಾಳೆ, ದಡ್ಡಿ ನಾನಲ್ಲ — ಖುಷಿಯಾಯಿತು, ನಾಚಿಕೆಯಿಲ್ಲದ ಖುಷಿ, ಅದರ ಬೆನ್ನಿಗೇ ಇಪ್ಪತ್ತು ಅಂಕ. ಮನೆಗೆ ಹೋದೊಡನೆ ಅಕ್ಕ ಕೇಳುತ್ತಾಳೆ, ನಾನು ಓದಿದ್ದೇ ಎಲ್ಲಾ ಬಂದಿತ್ತಾ? ಇನ್ನೂ ಐವತ್ತು ನಿಮಿಷ ಇದೆ, ನಿಧಾನಕ್ಕೆ ಬರಿಯಮ್ಮ, ಮೇಡಂ ಹೇಳುತ್ತಾರೆ. ಟೈಪ್ ಮಾಡುತ್ತೇನೆ, ಕಂಪ್ಯೂಟರು ಅದನ್ನೇ ತಿರುಗಿ ಓದುತ್ತದೆ, ರಕ್ತವು ಮೂತ್ರಪಿಂಡವನ್ನು ಸೇರಿದ ನಂತರ, ಸೇರಿದ ನಂತರ, ಮುಂದಕ್ಕೆ ನನ್ನಲ್ಲಿರುವುದು ಇಷ್ಟೇ, ಅಕ್ಕನ ಆಕಳಿಕೆ, ಎಂಜಲು ಬೆರಳು, ಅಂಟಿಕೊಂಡೇ ಮಗುಚಿದ ಎರಡು ಹಾಳೆ