ಹನ್ನೊಂದೂವರೆಯ ತುತ್ತು

“ಉಪ್ಪು ಹಾಕಿದೆನಾ, ಇಲ್ವಾ?”

ಸೌಟನ್ನು ಪಾತ್ರೆಯಲ್ಲೇ ನಿಲ್ಲಿಸಿ ಆಕೆ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲಿನಾಚೆ, ಕುರ್ಚಿ ಮೇಜುಗಳನ್ನು ಗೋಡೆಗೆ ಒತ್ತರಿಸಿ ಮಾಡಿದ ಜಾಗದಲ್ಲಿ ಆಕೆಯ ಗಂಡ ಮಲಗಿದ್ದರು. ಸುತ್ತ ಹಳೇಪೇಟೆಯ ಅಂಗಡಿಯವರು ಕೈಕಟ್ಟಿಕೊಂಡು ನಿಂತಿದ್ದರು. ಎಲ್ಲರೂ ದನಿ ತಗ್ಗಿಸಿದ್ದರಿಂದ ಬೇಳೆ ಕುದಿಯುವ ಸದ್ದೇ ಮನೆಗೆಲ್ಲ ದೊಡ್ಡದಾಗಿತ್ತು.

ಮಗಳು ಒಳಗೆ ಬಂದಳು. “ಅಮ್ಮ, ಯಾರಿಗೆ ಮಾಡ್ತಿದ್ದೀಯ ಇದನ್ನ? ಎಲ್ಲ ಹೊರಟು ನಿಂತಿದ್ದಾರೆ.”

“ಒಂಬತ್ತು ಗಂಟೆ ಆಯ್ತಲ್ಲೇ. ಡಬ್ಬಿ ಕಟ್ಟಬೇಡವಾ?”

ಮಗಳು ಒಲೆ ಆರಿಸಿದಳು. ತಾಯಿಯ ಕೈಯಿಂದ ಸೌಟನ್ನು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಸತ್ತವರನ್ನು ಪೇಟೆಯವರು ಹೆಜ್ಜೆ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೂವತ್ತನಾಲ್ಕು ವರ್ಷ, ದಿನವೂ ಬೆಳಿಗ್ಗೆ ಹತ್ತಕ್ಕೆ ಗಡಿಯಾರದ ಕಂಬದ ಕೆಳಗೆ ನಿಂತು, ಪರಸ್ಥಳದಿಂದ ಬಂದ ಹತ್ತು ಹದಿನೈದು ಜನರನ್ನು ಕರೆದುಕೊಂಡು ಹಳೇಪೇಟೆಯಲ್ಲಿ ನಡೆಯುತ್ತಿದ್ದರು. ದಾರಿಯಲ್ಲಿ ಐದು ಕತೆ, ಐದು ರುಚಿ. ಹಿಂದೆ ಬಿದ್ದವರು ದಾರಿ ತಪ್ಪಬಾರದೆಂದು ಮೊಳದುದ್ದದ ಮರದ ಸೌಟೊಂದನ್ನು ತಲೆಯ ಮೇಲೆ ಎತ್ತಿ ಹಿಡಿದಿರುತ್ತಿದ್ದರು. ವರ್ಷಕ್ಕೆ ಎರಡು ಸಲ ಬೂಟಿನ ಅಟ್ಟೆ ಬದಲಾಗುತ್ತಿತ್ತು.

“ಗಡಿಯಾರದ ಕಂಬದಿಂದಲೇ ಹೊರಡೋಣ,” ಎಂದ ಕಡಲೆಬೀಜ ಹುರಿಯುವವನು. ಅವನ ಅಂಗಡಿಯೇ ಮೇಷ್ಟ್ರ ಮೊದಲ ನಿಲುಗಡೆ. “ಅವರು ಯಾವತ್ತೂ ಅಡ್ಡದಾರಿ ಹಿಡಿದವರಲ್ಲ.”

“ಆ ಸಂದೀಲಿ ವ್ಯಾನು ಹಿಡಿಸುತ್ತೇನೋ, ಮಾರಾಯ?” ಎಂದಳು ಉಪ್ಪಿನಕಾಯಿ ಅಂಗಡಿಯಾಕೆ.

“ವ್ಯಾನು ಯಾಕಕ್ಕ? ಹೊತ್ಕೊಂಡು ಹೋಗೋಣ. ಇಷ್ಟು ವರ್ಷ ನಮ್ಮ ಅಂಗಡಿಗಳನ್ನ ಅವರು ಹೊತ್ತಿಲ್ವಾ?”

ಹಾಗೆ ಹೊರಟರು. ಬೀಜದವನು ಮೇಷ್ಟ್ರ ಮರದ ಸೌಟು ಎತ್ತಿಕೊಂಡು ಮುಂದೆ, ನಾಲ್ವರ ಹೆಗಲ ಮೇಲೆ ಮೇಷ್ಟ್ರು, ಹಿಂದೆ ಹೆಂಡತಿ, ಮಗಳು ಮತ್ತು ಪೇಟೆ.

ಆಕೆ ಈ ನಡಿಗೆಯನ್ನು ಒಮ್ಮೆಯೂ ನಡೆದಿರಲಿಲ್ಲ. “ಮನೇಲಿ ಬಿಟ್ಟಿ ಸಿಗೋ ಗಂಡನ ಮಾತಿಗೆ ಟಿಕೇಟು ತಗೋಬೇಕಾ?” ಎಂದು ನೆರೆಯವರ ಮುಂದೆ ನಗುತ್ತಿದ್ದಳು. ಮನೆಯಲ್ಲಿ ಎಷ್ಟೋ ವರ್ಷ ಮಾತು ಬಿಟ್ಟಿಯಾಗಿಯೂ ಸಿಕ್ಕಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಮೊದಲ ತಿರುವಿನಲ್ಲಿ ಬೀಜದವನು ನಿಂತ. ಗಂಟಲು ಸರಿಮಾಡಿಕೊಂಡು, ಮೇಷ್ಟ್ರ ದನಿಯಲ್ಲೇ ಎತ್ತಿಕೊಟ್ಟ: “ಈ ಸಂದಿ ಯಾಕೆ ಡೊಂಕು? ಬಾವಿ ತೋಡಿಸಿದ ಮುದುಕಿ ಜಾಗ ಬಿಡಲಿಲ್ಲ. ಬೀದಿಯೇ ಬಗ್ಗಿ ಹೋಯಿತು.”

ಬಾಯಿಪಾಠದ ಪದ್ಯವನ್ನು ಒಬ್ಬರು ಎತ್ತಿಕೊಟ್ಟರೆ ಉಳಿದವರು ಮುಗಿಸುವ ಹಾಗೆ, ಹಿಂದಿನವರೆಲ್ಲ ಒಟ್ಟಿಗೆ ಅಂದರು: “ಬಗ್ಗಿದ ಬೀದಿಯಲಿ ಬಿಸಿ ಬೀಜ ತಿನ್ನಿರಿ, ನೆಟ್ಟಗೆ ನಡೆಯಿರಿ!”

ಕೆಲವರು ನಕ್ಕರು. ನಕ್ಕವರೇ ಕಣ್ಣೊರೆಸಿಕೊಂಡರು. ಆಕೆಗೆ ಈ ಮಾತುಗಳೆಲ್ಲ ಹೊಸವು. ತನ್ನ ಗಂಡನಿಗೆ ಇಂಥ ದನಿಯೊಂದಿತ್ತೆಂದು ಪೇಟೆಗೆಲ್ಲ ಗೊತ್ತಿದೆ, ಇವತ್ತು ತನಗೂ ಗೊತ್ತಾಗುತ್ತಿದೆ ಎನ್ನಿಸಿತು.

ಉಪ್ಪಿನಕಾಯಿ ಅಂಗಡಿಯ ಮುಂದೆ ಹೆಗಲು ಬದಲಿಸಲು ಮತ್ತೆ ನಿಂತರು. ಅಂಗಡಿಯಾಕೆ ಮುಚ್ಚಿದ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಜೋರಾಗಿಯೇ ಅತ್ತಳು. ಅಳುತ್ತಾ, ಹೊಗಳುವ ಭರದಲ್ಲಿ ಅಂದುಬಿಟ್ಟಳು:

“ಎಂಥಾ ಮನುಷ್ಯ, ನನ್ನಪ್ಪ! ನಾಲಿಗೇಲಿ ರುಚಿನೇ ಇಲ್ದೆ ಆರು ವರ್ಷ ಊರಿಗೆಲ್ಲಾ ರುಚಿ ಹಂಚಿದ್ರಲ್ಲ!”

“ಯಾರ ನಾಲಿಗೇಲಿ?” ಎಂದಳು ಹೆಂಡತಿ.

ಅಳು ಅರ್ಧಕ್ಕೇ ನಿಂತಿತು. ಬೀಜದವನ ಕೈಯ ಸೌಟು ಕೆಳಗಿಳಿಯಿತು.

*

ಆರು ವರ್ಷದ ಹಿಂದೆ ಮೇಷ್ಟ್ರು ಜ್ವರ ಬಂದು ಹದಿನೇಳು ದಿನ ಮಲಗಿದ್ದರು. ಎದ್ದಾಗ ಅಂಗಿ ಮೈಮೇಲೆ ನೇತಾಡುತ್ತಿತ್ತು. ಆಕೆ ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿದಳು, ಅವರು ಸೌಟು ಹಿಡಿದು ಹೊರಟರು. ಎಲ್ಲ ಮೊದಲಿನ ಹಾಗೇ.

ಮೊದಲಿನ ಹಾಗೆ ಎಂದರೆ, ಇಪ್ಪತ್ತೆಂಟು ವರ್ಷ ಆಕೆ ಕಟ್ಟಿದ ಡಬ್ಬಿ ಖಾಲಿಯಾಗಿ ಬರುತ್ತಿತ್ತು, ಅಷ್ಟೆ. ಚೆನ್ನಾಗಿತ್ತೇ ಎಂದರೆ “ಹೂಂ.” ಉಪ್ಪು ಹೆಚ್ಚಾಯಿತೇ ಎಂದರೂ “ಹೂಂ.” ದಿನವಿಡೀ ಕಂಡವರ ಉಪ್ಪಿನಕಾಯಿಗೆ, ಬ್ರೆಡ್ಡಿಗೆ ಬಣ್ಣಬಣ್ಣದ ಮಾತು ಕಟ್ಟಿ ಬಂದ ಮನುಷ್ಯನಿಗೆ ಮನೆ ಹೊಸ್ತಿಲು ದಾಟುವಾಗ ಮಾತೆಲ್ಲ ಮುಗಿದಿರುತ್ತಿತ್ತು. ಮೊದಮೊದಲು ಆಕೆ ಅತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಜ್ವರ ಬಿಟ್ಟ ಎರಡನೇ ತಿಂಗಳು ಒಂದು ಸಂಜೆ, ಖಾಲಿ ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು, ಬೂಟು ಬಿಚ್ಚುತ್ತಾ ಮೇಷ್ಟ್ರು ಹೇಳಿದರು: “ಇವತ್ತಿನ ಹುರುಳಿಕಾಯಲ್ಲಿ ಮೆಣಸು ಸರಿಯಾದ ಹೊತ್ತಿಗೆ ಬಂತು.”

ಆಕೆ ಹಿಂತಿರುಗಿ ನೋಡಿದಳು, ಮನೆಗೆ ಬೇರೆ ಯಾರೋ ಬಂದಿದ್ದಾರೇನೋ ಎಂಬಂತೆ.

ಅಂದಿನಿಂದ ದಿನಕ್ಕೊಂದು ಮಾತು. “ಸೊಪ್ಪಿನಲ್ಲಿ ಬೆಳ್ಳುಳ್ಳಿ ನಾಚಿಕೊಂಡಿತ್ತು, ನಾಳೆ ಸ್ವಲ್ಪ ಧೈರ್ಯ ಕೊಡು.” “ಬೇಳೆ ಪೂರ್ತಿ ಬೆಂದಿರಲಿಲ್ಲ, ಆದರೂ ಮುನಿಸಿಕೊಳ್ಳೋ ಹಾಗಿರಲಿಲ್ಲ.” ಟೀಕೆಯೂ ಇರುತ್ತಿತ್ತು, ಅದಕ್ಕೇ ಆಕೆ ಹೊಗಳಿಕೆಯನ್ನು ನಂಬಿದಳು. ದೇವರ ಮುಂದೆ ಕೂತಾಗ, ಕೇಳಿದವರು ಬೆಚ್ಚುವಂಥ ಪ್ರಾರ್ಥನೆ ಮಾಡಿದಳು: ಆ ಜ್ವರ ಕಳಿಸಿದ್ದಕ್ಕೆ ನಿನಗೆ ಶರಣು.

ಒಂದು ಮಾತನ್ನು ಮಾತ್ರ ಮಗಳಿಗೂ ಹೇಳಿರಲಿಲ್ಲ. ಕುಂಬಳಕಾಯಿ ಮಾಡಿದ ದಿನ, ಬೂಟಿನ ದಾರ ಹಿಡಿದುಕೊಂಡೇ, ತಲೆಯೆತ್ತದೆ ಹೇಳಿದ್ದು: “ಇದನ್ನು ತಿಂದಮೇಲೆ ನೀರು ಕುಡಿಯೋಕೆ ಮನಸ್ಸಾಗಲಿಲ್ಲ.” ರುಚಿ ತೊಳೆದುಹೋದೀತೆಂದು. ಆಕೆ ಆ ಮಾತನ್ನು ಮಲಗುವ ಮುನ್ನ ಒಮ್ಮೊಮ್ಮೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು, ಚಿಕ್ಕಂದಿನಲ್ಲಿ ಕಲಿತ ಪದ್ಯವನ್ನು ಹೇಳಿಕೊಳ್ಳುವ ಹಾಗೆ.

*

“ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಕಣಮ್ಮಾ,” ಉಪ್ಪಿನಕಾಯಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಕಟ್ಕೊಂಡ ಹೆಂಡ್ತಿಗೆ ಗೊತ್ತಿರಲ್ವಾ ಅಂತ.”

“ಇಲ್ಲ. ಹೇಳಿ.”

“ನನ್ನ ಕೈ ತಪ್ಪು. ಮೇಷ್ಟ್ರು ಜ್ವರ ಬಿಟ್ಟು ಎದ್ದು ಬಂದ ಹೊಸತು, ಎರಡು ಜಾಡಿ ಅಕ್ಕಪಕ್ಕ ಇಟ್ಟಿದ್ದೆ. ಜೇನು ಹಾಕಿದ ನಿಂಬೆ ಶರಬತ್ತು ಕೊಡೋ ಬದಲು ಮಾವಿನಕಾಯಿ ನೆನೆಸಿದ ಉಪ್ಪುನೀರು ಬಗ್ಗಿಸಿಕೊಟ್ಟೆ. ಮೇಷ್ಟ್ರು ಎಲ್ಲರಿಗಿಂತ ಮುಂಚೆ ಗಟಗಟ ಕುಡಿದು, ‘ನೋಡಿ, ಜೇನು ಕೊನೇಲಿ ಬಂದು ಹೇಗೆ ನಾಲಿಗೆ ಮೇಲೆ ಕೂತ್ಕೊಳುತ್ತೆ’ ಅಂದ್ರು. ಹದಿನಾಲ್ಕು ಜನ! ಒಂದು ಗುಟುಕು ಬಾಯಿಗೆ ಹಾಕಿದ್ದೇ ಚರಂಡಿ ಹುಡುಕ್ಕೊಂಡು ಓಡಿದ್ರು.”

ಬೀಜದವನ ತುಟಿ ನಗುವಿಗೆ ಬಂದು ಹಾಗೇ ನಿಂತಿತು. “ಅವತ್ತು ನಮಗೆಲ್ಲ ಗೊತ್ತಾಯ್ತು. ಜ್ವರ ರುಚಿ, ವಾಸನೆ ಎರಡನ್ನೂ ಒಯ್ದುಬಿಟ್ಟಿತ್ತು. ಅದು ಹೊರಗೆ ಬಿದ್ದರೆ ರುಚಿ ತೋರಿಸೋರ ಹಿಂದೆ ಯಾರು ಬರ್ತಾರೆ? ಅದಕ್ಕೇ ಬೆಳಿಗ್ಗೆ ಒಂಬತ್ತೂವರೆಗೇ ಬಂದು ಒಂದೊಂದು ಅಂಗಡೀಲಿ ಕೇಳ್ಕೊಂಡು ಹೋಗೋರು. ‘ಇವತ್ತು ಹುರಿದಿದ್ದು ಒಂದು ಚೂರು ಜಾಸ್ತಿ ಮೇಷ್ಟ್ರೇ’ ಅಂದ್ರೆ ಸಾಕು, ಅದಕ್ಕೊಂದು ಕತೆ ಕಟ್ಟೋರು.”

ಇಡೀ ಪೇಟೆಗೆ ಗೊತ್ತು. ಆಕೆ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೇಳಿದಳು:

“ನಿಮ್ಮ ಬೀಜದ ರುಚಿ ನೀವು ಹೇಳಿದ್ರಿ. ನಿಮ್ಮ ಉಪ್ಪಿನಕಾಯಿದು ನೀವು ಹೇಳಿದ್ರಿ. ನನ್ನ ಡಬ್ಬಿದು ಯಾರು ಹೇಳಿದ್ರು?”

ಎಲ್ಲರ ಕಣ್ಣೂ ಬೀದಿಯ ಕೊನೆಗೆ ಹೋಯಿತು. ಅಲ್ಲಿ ಬೇಕರಿಯ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಅವತ್ತು ಬಾಗಿಲು ಹಾಕದ ಅಂಗಡಿ ಅದೊಂದೇ.

ಬೇಕರಿಯ ಮುದುಕರೊಬ್ಬರೇ, ಮೇಷ್ಟ್ರ ಹಳೆಯ ಗೆಳೆಯ, ಹೆಣ ಹೋಗುವಾಗಲೂ ಹೊರಗೆ ಬರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದರು. ಬೀಜದವನು ಅಲ್ಲಿಯ ಕತೆಯನ್ನು ಎತ್ತಿಕೊಟ್ಟ: “ಈ ಭಟ್ಟಿಯ ಇಟ್ಟಿಗೆ ಊರಿನ ಹಳೆಯ ಕೋಟೆ ಗೋಡೆಯದ್ದು. ಶತ್ರುವನ್ನು ತಡೆಯಲು ಸುಟ್ಟದ್ದು...” ಮುಂದಿನ ಸಾಲನ್ನು ಯಾರೂ ಮುಗಿಸಲಿಲ್ಲ.

“ಕಲ್ಲಿನಂಥವನು,” ಎಂದು ಯಾರೋ ಗೊಣಗಿದರು. “ಜೊತೆಗಾರ ಹೋದ ದಿನವೂ ಭಟ್ಟಿ ಹಚ್ಚಿದ್ದಾನೆ.”

*

ಮಣ್ಣಾಯಿತು. ಹಿರಿಯರೊಬ್ಬರು ನಾಲ್ಕು ಸಾಲಿನ ಪ್ರಾರ್ಥನೆ ಹೇಳಿದರು. ಆಕೆ ಕೈಮುಗಿದು ನಿಂತಿದ್ದಳು, ಆದರೆ ಮನಸ್ಸು ಆ ಸಾಲುಗಳ ಹಿಂದೆ ಹೋಗಲಿಲ್ಲ. ಇನ್ನೊಂದಿಷ್ಟು ಸಾಲುಗಳನ್ನು ಅದು ಒಂದೊಂದಾಗಿ ಎತ್ತಿ ತಿರುಗಿಸಿ ನೋಡುತ್ತಿತ್ತು.

“ಮನೆಗೆ ಹೋಗೋಣ ಬಾಮ್ಮ,” ಎಂದಳು ಮಗಳು.

“ನೀನು ಹೋಗು. ನನಗೆ ಬೇಕರಿಲಿ ಕೆಲಸ ಇದೆ.”

ಮಗಳು ಹೋಗಲಿಲ್ಲ, ಹಿಂದೆಯೇ ಬಂದಳು.

ಬೇಕರಿಯೊಳಗೆ ಮೂರು ಹಲಗೆ ತುಂಬ ಬ್ರೆಡ್ಡು ಆರಲು ಇಟ್ಟಿತ್ತು. ಮುದುಕರು ಮೊಣಕೈವರೆಗೂ ಹಿಟ್ಟು ಬಳಿದುಕೊಂಡು, ಉದ್ದ ಹಿಡಿಯ ಹಲಗೆಯಿಂದ ಇನ್ನಷ್ಟನ್ನು ಭಟ್ಟಿಯಿಂದ ಎಳೆಯುತ್ತಿದ್ದರು. ಆಕೆಯನ್ನು ಕಂಡು ಕೈ ನಿಂತಿತು.

“ಕೂತ್ಕೊಳ್ಳಿ ತಂಗೀ. ಮಣ್ಣಿಗೆ ಹೋದೋರೆಲ್ಲ ಹಸ್ಕೊಂಡು ಬರ್ತಾರೆ. ಯಾರಾದ್ರೂ ಒಬ್ಬರು ಭಟ್ಟಿ ಹಚ್ಚಬೇಕಲ್ಲ.” ಯಾರೂ ಕೇಳದ ಪ್ರಶ್ನೆಗೆ ಹೀಗೆ ಉತ್ತರ ಕೊಟ್ಟರು.

“ನನ್ನ ಡಬ್ಬಿ ತಿಂತಿದ್ದದ್ದು ನೀವಾ?”

“ಒಂದೇ ತುತ್ತು.” ಮುದುಕರು ಹಲಗೆಯನ್ನು ಗೋಡೆಗೆ ಒರಗಿಸಿದರು. “ಹನ್ನೊಂದೂವರೆಗೆ ಮೇಷ್ಟ್ರು ಇಲ್ಲಿಗೆ ಬರೋರು. ಬಂದ ಜನ ಭಟ್ಟಿ ಮುಂದೆ ಫೋಟೋ ತೆಗೀತಾ ನಿಂತಾಗ, ಒಳಗೆ ಬಂದು ಡಬ್ಬಿ ಬಿಚ್ಚಿ ನನ್ನ ಮುಂದೆ ಇಡೋರು. ‘ತಿನ್ನು, ಹೇಳು’ ಅನ್ನೋರು.”

“ನೀವು ಹೇಳಿದ್ರಿ.”

“ನಾನೇನು ಕವಿನಾ ತಂಗೀ? ಉಪ್ಪು ಜಾಸ್ತಿ ಅಂದೆ. ಸರಿಯಾಗಿದೆ ಅಂದೆ. ‘ಅಷ್ಟು ಸಾಲದಯ್ಯ, ಮನೇಲಿ ಒಬ್ಬಳು ಕಾಯ್ತಿರ್ತಾಳೆ, ನೆಟ್ಟಗೆ ಅಗಿದು ಹೇಳು’ ಅಂತ ಬೈಯೋರು. ಬೈಸ್ಕೊಂಡೂ ಬೈಸ್ಕೊಂಡೂ ನನಗೂ ಒಂದೊಂದು ಮಾತು ಹುಟ್ಟೋಕೆ ಶುರುವಾಯ್ತು. ಕೆಲವು ದಿನ ನನ್ನದನ್ನೇ ತಗೊಂಡು ಹೋಗೋರು. ಕೆಲವು ದಿನ ಮುಖ ಸಿಂಡರಿಸಿ, ‘ಇದು ಅವಳಿಗೆ ಸಾಕಾಗಲ್ಲ’ ಅಂತ ತಾವೇ ದಾರೀಲಿ ಕಟ್ಕೊಳ್ಳೋರು.”

“ನನಗೆ ಒಂದು ಮಾತು ಹೇಳಬಹುದಿತ್ತು.”

“ನಾನೂ ಅದನ್ನೇ ಅಂದೆ, ಎಷ್ಟೋ ಸಲ. ‘ನಾಲಿಗೆ ಇದ್ದಾಗ ಇಪ್ಪತ್ತೆಂಟು ವರ್ಷ ಅವಳಿಗೆ ಏನೂ ಹೇಳಲಿಲ್ಲ ಕಣಯ್ಯಾ. ಈಗ ನಾಲಿಗೆ ಸತ್ತಿದೆ ಅಂತ ಯಾವ ಬಾಯಲ್ಲಿ ಹೇಳಲಿ?’ ಅಂದ್ರು. ಆಮೇಲೆ ನಾನು ಕೇಳಲಿಲ್ಲ.”

“ಆರು ವರ್ಷ ನಿಮ್ಮ ಮಾತು ನೆನೆಸ್ಕೊಂಡು ನಿದ್ದೆ ಮಾಡಿದ್ದೀನಿ ನಾನು.”

“ಅಮ್ಮಾ!” ಎಂದಳು ಮಗಳು.

ಮುದುಕರ ಕಿವಿ ಕೆಂಪಗಾಯಿತು. ತಲೆ ತಗ್ಗಿಸಿ, ಬೆರಳ ಸಂದಿಯ ಹಿಟ್ಟನ್ನು ಕೀಳತೊಡಗಿದರು.

“ತಪ್ಪು ತಿಳ್ಕೋಬೇಡಿ, ಜಗಳಕ್ಕೆ ಬಂದಿಲ್ಲ,” ಆಕೆ ಸ್ಟೂಲಿನ ತುದಿಯಲ್ಲಿ ಕೂತಳು. “ನನಗೆ ಒಂದೂ ಮರೆತಿಲ್ಲ. ಒಂದೊಂದಾಗಿ ಹೇಳ್ತೀನಿ. ‘ನಂದು’ ಇಲ್ಲ ‘ಅವರದು’, ಅಷ್ಟೇ ಹೇಳಿ. ವಿಂಗಡಿಸಿ ಕೊಡಿ. ಅವರದ್ದು ಹತ್ತೇ ಇದ್ರೂ ಸಾಕು. ಎರಡೇ ಇದ್ರೂ ಸಾಕು.”

ಆಕೆ ಶುರುಮಾಡಿದಳು. ಹುರುಳಿಕಾಯಿಯ ಮೆಣಸು. ನಾಚಿಕೊಂಡ ಬೆಳ್ಳುಳ್ಳಿ. ಮುನಿಸಿಕೊಳ್ಳದ ಬೇಳೆ. ಒಂದೊಂದು ಹೇಳಿ ಒಂದು ಕ್ಷಣ ಕಾದಳು. ದನಿಗೆ ತಾನಾಗಿಯೇ ಒಂದು ಲಯ ಬಂದಿತ್ತು. ಬಾಗಿಲ ಬಳಿ ಬಂದು ನಿಂತ ಬೀಜದವನೂ ಉಪ್ಪಿನಕಾಯಿಯಾಕೆಯೂ ಒಳಗೆ ಬರಲಾರದೆ ಅಲ್ಲೇ ನಿಂತರು. ಮುದುಕರ ಮುಖ ಮಾತ್ರ ಒಂದೇ ಹಾಗೆ ಇತ್ತು. ಹೌದೆಂದೂ ಅಲ್ಲವೆಂದೂ ಅದು ಹೇಳಲಿಲ್ಲ.

“ಹೋಗಲಿ, ಎಲ್ಲಾ ಬೇಡ,” ಎಂದಳು ಆಕೆ ಕೊನೆಗೆ. ಮಗಳ ಕಡೆ ನೋಡದೆ, ದನಿ ತಗ್ಗಿಸಿದಳು. “‘ಇದನ್ನು ತಿಂದಮೇಲೆ ನೀರು ಕುಡಿಯೋಕೆ ಮನಸ್ಸಾಗಲಿಲ್ಲ.’ ಇದೊಂದು. ಇದೊಂದು ಯಾರದು ಅಂತ ಹೇಳಿಬಿಡಿ ಅಣ್ಣಾ. ಇನ್ನೇನೂ ಕೇಳಲ್ಲ.”

“ಹೇಳಲ್ಲ,” ಎಂದರು ಮುದುಕರು.

“ಅಣ್ಣಾ...”

“ಇವತ್ತೂ ಹೇಳಲ್ಲ, ಸಾಯೋ ಹೊತ್ತಲ್ಲೂ ಹೇಳಲ್ಲ. ನಿಮ್ಮ ಪಾಲಿಗೆ ಎಲ್ಲಾ ಅವರದೇ ಆಗಿರಲಿ.”

ಎಂದವರೇ ಹಲಗೆಯ ಮೇಲಿನ ಬಿಸಿ ಬ್ರೆಡ್ಡೊಂದನ್ನು ಮುರಿದು, ಹಿಡಿಗಾತ್ರದ ತುಂಡನ್ನು ಬಾಯಿಗೆ ತುರುಕಿಕೊಂಡರು. ಅದು ಸಾಲದೆಂಬಂತೆ ಇನ್ನೊಂದು ತುಂಡನ್ನೂ ತುರುಕಿದರು. ಕೆನ್ನೆ ಎರಡೂ ಉಬ್ಬಿ, ಬಿಸಿಗೆ ಕಣ್ಣಲ್ಲಿ ನೀರು ಬಂದು, ಒಂದು ಅಕ್ಷರವೂ ಹೊರಬರಲಾರದಂತೆ ಬಾಯಿ ತುಂಬಿಕೊಂಡು, ಅವರು ಆಕೆಯ ಎದುರು ನಿಂತು ತಲೆ ಅಲ್ಲಾಡಿಸಿದರು: ಇಲ್ಲ, ಇಲ್ಲ, ಇಲ್ಲ.