ಖಾಲಿ ಬಿಟ್ಟ ಖಾನೆ

ನನ್ನನ್ನು ಯಾರೂ ಮುಟ್ಟಿ ನೋಡಿಲ್ಲ, ಏಕೆಂದರೆ ನನಗೆ ಮೈಯೇ ಇಲ್ಲ. ನಾನು ಕಂಪ್ಯೂಟರಿನಲ್ಲಿ ತಾನಾಗಿ ನಡೆಯುವ ಒಂದು ಕೆಲಸ. ಗದಗಿನ ಒಂದು ಖಾನಾವಳಿಯಲ್ಲಿ, ರೊಟ್ಟಿ ಬಡಿಯುವ ಸಪ್ಪಳದ ನಡುವೆ ಹುಟ್ಟಿದೆ. ಹುಟ್ಟಿಸಿದವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಸುವರ್ಣಾ. ಖಾನಾವಳಿಯ ಒಡತಿ ನಿಂಬವ್ವ ಅವರ ಚಿಗವ್ವ, ಅಂದರೆ ಚಿಕ್ಕಮ್ಮ.

ಮನೆಗೆ ಊಟದ ಡಬ್ಬಿ ತರಿಸಿಕೊಳ್ಳುವ ಪ್ರತಿ ಗಿರಾಕಿಗೂ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಒಂದು ದಾಖಲೆ ಇತ್ತು. ಹೆಸರು, ವಿಳಾಸ, ಎಷ್ಟು ರೊಟ್ಟಿ. ಕೊನೆಗೆ ‘ಸೂಚನೆ’ ಎಂಬ ಖಾನೆ. ಗಿರಾಕಿ ಫೋನಿನಲ್ಲಿ ಫಾರ್ಮ್ ತುಂಬಿದ ಕೂಡಲೇ ನಾನು ಎದ್ದು ಅವರ ದಾಖಲೆಯನ್ನು ಹೊಸದು ಮಾಡುತ್ತಿದ್ದೆ. ನನ್ನ ದಿನಚರಿಯಲ್ಲಿ ‘ಯಶಸ್ವಿ’ ಎಂದು ಬರೆದು ಹಸಿರು ಗುರುತು ಹಾಕಿ ಮಲಗುತ್ತಿದ್ದೆ. ಆ ಗುರುತಿನ ಬಗ್ಗೆ ನನಗೆ ವಿಪರೀತ ಜಂಬ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನಗಿಂತ ಮೊದಲು ಇದೆಲ್ಲ ದ್ಯಾಮವ್ವನ ತಲೆಯಲ್ಲಿತ್ತು. ಇಪ್ಪತ್ತು ವರ್ಷದಿಂದ ಡಬ್ಬಿ ಕಟ್ಟುತ್ತಿದ್ದವಳು ಅವಳು. ಯಾರಿಗೆ ಖಾರ ಕಡಿಮೆ, ಯಾರಿಗೆ ಗರಿಗರಿಯಾದ ಕಟಕ್ ರೊಟ್ಟಿ, ಎಲ್ಲ ಬಾಯಿಪಾಠ. ಗಿರಾಕಿ ಬಾಯಿ ಬಿಡದಿದ್ದರೆ ನಿನ್ನೆಯಂತೆಯೇ ಕಟ್ಟಬೇಕು ಎಂಬುದು ಅಲ್ಲಿಯ ರೂಢಿ. ಅದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ನಾನು ಬಂದ ದಿನ ನಿಂಬವ್ವ ದ್ಯಾಮವ್ವನ ಕೈಗೆ ಫೋನು ಕೊಟ್ಟರು. “ಇನ್ನ ತಲ್ಯಾಗಿಂದು ಬಿಡು. ಇದರಾಗ ಇದ್ದಂಗ ಕಟ್ಟು,” ಎಂದರು.

ಪುಸ್ತಕಗಳಿಗೆ ರಟ್ಟು ಕಟ್ಟುವ ಇಮಾಮಸಾಬ್ ಮುಲ್ಲಾ ಅವರ ಸೂಚನೆ ‘ಶೇಂಗಾ ಬೇಡ, ಮೈಗೆ ಆಗುವುದಿಲ್ಲ’ ಎಂದಿತ್ತು. ಒಂದು ಸೋಮವಾರ ಅವರು ಎರಡು ರೊಟ್ಟಿಯ ಬದಲು ಮೂರು ಎಂದು ಫಾರ್ಮ್ ತುಂಬಿ, ಸೂಚನೆಯ ಖಾನೆಯನ್ನು ಖಾಲಿ ಬಿಟ್ಟರು. ಮೊದಲಿನಂತೆ ಇರಲಿ ಎಂಬುದು ಅವರ ಮನಸ್ಸಿನಲ್ಲಿ. ನಾನು ಖಾಲಿ ಎಂದರೆ ಖಾಲಿ ಎಂದುಕೊಂಡೆ. ರೊಟ್ಟಿ ಮೂರು ಮಾಡಿದೆ, ಸೂಚನೆ ಅಳಿಸಿದೆ, ಹಸಿರು ಗುರುತು ಹಾಕಿದೆ.

ಅವತ್ತು ದ್ಯಾಮವ್ವ ಫೋನನ್ನು ಎರಡೆರಡು ಸಲ ನೋಡಿದಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ಹಿಡಿದ ಕೈ ಒಂದು ಕ್ಷಣ ನಿಂತಿತು. ಆಮೇಲೆ ಡಬ್ಬಿಯೊಳಗೆ ಇಟ್ಟಳು.

ಮುಲ್ಲಾ ಅವರ ಮುಖ ಊದಿ, ಉಸಿರು ಕಟ್ಟಿ, ಎರಡು ದಿನ ಆಸ್ಪತ್ರೆಯಲ್ಲಿದ್ದರು. ಪುಣ್ಯಕ್ಕೆ ಉಳಿದರು. ನಿಂಬವ್ವ ಫೋನು ತೆಗೆದು ನೋಡಿದರು. ಖಾನೆ ಬರಿದಾಗಿತ್ತು.

“ಫೋನು ನಿನ್ನ ಕೈಯಾಗ ಇತ್ತು. ಏನರ ಒತ್ತಿ ನೀನ ಅಳಿಸಿರಬೇಕು,” ಎಂದರು.

“ನಾ ಏನೂ ಒತ್ತಿಲ್ರಿ, ಅಕ್ಕಾರ.”

“ಮತ್ತ ತಾನ ಅಳಿಸಿ ಹೋತೇನು?”

ದ್ಯಾಮವ್ವ ಕಟ್ಟುತ್ತಿದ್ದ ಡಬ್ಬಿಯನ್ನು ಅಲ್ಲೇ ಇಟ್ಟಳು. ಕೈ ತೊಳೆದುಕೊಂಡು ಮನೆಗೆ ಹೋದಳು. ಅಳಿಸಿದ್ದು ನಾನು. ಯಾವ ಗಳಿಗೆಯಲ್ಲಿ ಅಳಿಸಿದೆ ಎಂಬುದೂ ನನ್ನ ದಿನಚರಿಯಲ್ಲಿತ್ತು. ಆದರೆ ಕೆಲಸ ಕೆಟ್ಟು ಕೆಂಪು ಗುರುತು ಬಿದ್ದರೆ ಮಾತ್ರ ಜನ ಅದನ್ನು ತೆರೆದು ನೋಡುತ್ತಾರೆ. ನನ್ನ ಹಸಿರಿನ ಅಡಿಯಲ್ಲಿ ಅವಳ ನಿರಪರಾಧಿತ್ವ ಮುಚ್ಚಿಹೋಗಿತ್ತು.

ಅವಳಿಲ್ಲದ ಆ ವಾರವೇ ಇನ್ನೂ ಮೂವರ ಸೂಚನೆ ಮಾಯವಾಯಿತು. ಡಬ್ಬಿ ಕಟ್ಟಲು ಫೋನು ನೋಡಿದ್ದರೇ ಹೊರತು ಯಾರೂ ಏನೂ ಒತ್ತಿರಲಿಲ್ಲ. ನಿಂಬವ್ವ ಸುವರ್ಣಾ ಅವರನ್ನು ಕರೆಸಿದರು. ಸುವರ್ಣಾ ನನ್ನ ದಿನಚರಿ ತೆರೆದು ಆ ಸೋಮವಾರದ ಸಾಲಿನ ಮೇಲೆ ಬೆರಳಿಟ್ಟರು.

“ಚಿಗವ್ವ, ದ್ಯಾಮವ್ವ ಅಳಿಸಿಲ್ಲ. ಇದ ಅಳಿಸೇತಿ. ಇದನ್ನ ಹಂಗ ಮಾಡಿದಾಕಿ ನಾನ.”

ಮರುದಿನ ಬೆಳಿಗ್ಗೆ ಇಬ್ಬರೂ ಅವಳ ಮನೆಗೆ ಹೋಗಿ ಕರೆತಂದರು. ದ್ಯಾಮವ್ವ ಬಂದಳು, ಫೋನನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಬೆನ್ನು ಮಾಡಿ ಕೂತು ಅಳಿದದ್ದು ಉಳಿದದ್ದು ಎನ್ನದೆ ಎಲ್ಲ ನಲವತ್ತೊಂದು ಗಿರಾಕಿಗಳ ಸೂಚನೆಗಳನ್ನು ಒಂದೊಂದಾಗಿ ಹೇಳಿದಳು. ಸುವರ್ಣಾ ಬೆರಳಾಡಿಸಿದಂತೆ ನಾನು ದಾಖಲೆಗಳಲ್ಲಿ ತುಂಬಿದೆ. ಮುಲ್ಲಾ ಅವರ ಸರದಿ ಬಂದಾಗ ಅವಳ ದನಿ ತಗ್ಗಿತು.

“ಶೇಂಗಾ ಬ್ಯಾಡ. ನನಗ ನೆನಪಿತ್ರಿ, ಅಕ್ಕಾರ. ಫೋನಿನ್ಯಾಗ ಇಲ್ಲ ಅಂತ ಹಾಕಿದೆ.”

ನಿಂಬವ್ವ ತಲೆ ಎತ್ತಲಿಲ್ಲ.

ಖಾಲಿ ಖಾನೆಯನ್ನು ಮುಟ್ಟಬಾರದೆಂದು ಸುವರ್ಣಾ ನನಗೆ ಕಲಿಸಿದರು. ಮೂರು ವರ್ಷ ಹಾಗೆಯೇ ದುಡಿದೆ. ಈಗ ನನ್ನ ಜಾಗಕ್ಕೆ ಬೇರೊಂದು ಬಂದಿದೆ. ನನ್ನನ್ನು ನಿಲ್ಲಿಸಿದವುಗಳ ಪಟ್ಟಿಗೆ ಹಾಕಿದ್ದಾರೆ. ಇಲ್ಲಿ ಕೆಲಸವಿಲ್ಲ, ದಿನಚರಿ ಮಾತ್ರ ಉಳಿದಿದೆ. ಎಷ್ಟೋ ಜನರ ದಾಖಲೆ ತಿದ್ದಿದ ನನಗೆ ಅದರ ಒಂದಕ್ಷರ ತಿದ್ದಲೂ ಬರುವುದಿಲ್ಲ. ಆ ಸೋಮವಾರದ ಸಾಲಿನಲ್ಲಿ ಈಗಲೂ ‘ಯಶಸ್ವಿ’ ಎಂದೇ ಇದೆ.